ಅರವತ್ತೊಂದನೆಯ ಓಟದ ಲಾಳ

ದೊಡ್ಡ ಓಟದ ಚರಿತ್ರೆ ಬರೆಯುವ ಮೇಷ್ಟ್ರು ಮೊದಲ ಸಲ ಲಾಳದಕ್ಕನ ಕುಲುಮೆಗೆ ಬಂದಾಗ ಅವಳು ಒಂದು ಹೆಣ್ಣು ಕುದುರೆಯ ಹಿಂಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಗೊರಸಿಗೆ ಅರ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲೇ ನಿಂತ್ಕೊಳ್ಳಿ. ಹಿಂದೆ ಮಾತ್ರ ಬರಬೇಡಿ. ಇವಳಿಗೆ ಕನ್ನಡಕ ಹಾಕಿದೋರನ್ನ ಕಂಡ್ರೆ ಆಗಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಅಷ್ಟಕ್ಕೇ ಅವಳಿಗೆ ಮನುಷ್ಯ ಹಿಡಿಸಿಬಿಟ್ಟ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು ಅವರು. ಮುಂದಿನ ವರ್ಷ ದೊಡ್ಡ ಓಟಕ್ಕೆ ನೂರು ತುಂಬುತ್ತದೆಂದು ರೇಸ್ ಕ್ಲಬ್ಬಿನವರು ಒಂದು ದಪ್ಪ ಪುಸ್ತಕ ತರುವ ಕೆಲಸಕ್ಕೆ ಅವರನ್ನು ಗೊತ್ತುಮಾಡಿದ್ದರು. ಕ್ಲಬ್ಬಿನ ಮೈದಾನದಲ್ಲಿ ವರ್ಷಕ್ಕೆ ಇನ್ನೂರು ಪಂದ್ಯ ನಡೆಯಬಹುದು, ಆದರೆ 'ದೊಡ್ಡ ಓಟ' ಎಂದರೆ ಒಂದೇ. ಶುದ್ಧ ತಳಿಯ ಕುದುರೆಗಳಲ್ಲಿ ಮೂರು ವರ್ಷದವಕ್ಕೆ ಮಾತ್ರ ಅದರಲ್ಲಿ ಓಡುವ ಹಕ್ಕು. ಎರಡು ವರ್ಷದ್ದು ಇನ್ನೂ ಹಸುಗೂಸು. ನಾಲ್ಕಾದರೆ ಹೊತ್ತು ಮೀರಿತು. ಒಂದು ಕುದುರೆಗೆ ಬದುಕಿನಲ್ಲಿ ಒಂದೇ ಸಲ. ಸೋತರೆ ಮುಂದಿನ ವರ್ಷ ನೋಡಿಕೊಳ್ಳೋಣ ಎನ್ನುವ ಮಾತೇ ಇಲ್ಲ. ಅದಕ್ಕೇ ಆ ದಿನ ಲಾಯದ ಆಳುಗಳಿಗೆ ಬೆಳಿಗ್ಗೆಯಿಂದ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಮೇಷ್ಟ್ರ ಚೀಲದಲ್ಲಿ ತೊಂಬತ್ತೊಂಬತ್ತು ವರ್ಷಗಳೂ ಇದ್ದವು. ಮೊದಲ ಓಟದಲ್ಲಿ ಎಂಟೇ ಕುದುರೆ ಓಡಿದ್ದು, ಉತ್ತ ಹೊಲದ ಅಂಚಿನಲ್ಲಿ ಹಗ್ಗ ಕಟ್ಟಿ. ಕುದುರೆಗಳಲ್ಲಿ ಕೆಮ್ಮು ಹರಡಿದ ವರ್ಷ ಬರೀ ಐದು. ನದಿ ಮೈದಾನಕ್ಕೆ ನುಗ್ಗಿದ ವರ್ಷ ಓಟ ಒಂದು ತಿಂಗಳು ಮುಂದಕ್ಕೆ ಹೋಯಿತು. ಇಪ್ಪತ್ತೇಳನೆಯದರಲ್ಲಿ ಎರಡು ಕುದುರೆ ಮೂಗಿಗೆ ಮೂಗು ಸಮವಾಗಿ ಬಂದು, ಗೆದ್ದ ಕಪ್ಪನ್ನು ಅವುಗಳ ಮಾಲೀಕರು ಆರಾರು ತಿಂಗಳು ಹಂಚಿಕೊಂಡರು. ಇದನ್ನೆಲ್ಲ ಅವರು ಲಾಳದಕ್ಕನಿಗೆ ಓದಿ ಹೇಳುತ್ತಿದ್ದರು. ಅವಳು ಅದಕ್ಕೆ ತನ್ನದನ್ನು ಸೇರಿಸುತ್ತಿದ್ದಳು. ಅವಳ ಅಜ್ಜ ಹದಿನೆಂಟನೆಯ ಓಟದಿಂದ ಲಾಳ ಕಟ್ಟಿದವನು. ಅಜ್ಜನಿಂದ ಅಪ್ಪ, ಅಪ್ಪನಿಂದ ಅವಳು.

"ನಲವತ್ನಾಲ್ಕನೇ ಓಟ ಗೆದ್ದ ಹೆಣ್ಣು ಕುದುರೆ, ಹದಿನೆಂಟು ಗಂಡು ಕುದುರೆಗಳನ್ನ ಸೋಲಿಸಿದ್ದು," ಎಂದು ಮೇಷ್ಟ್ರು ಅಂದರೆ,

"ಅದರ ಮುಂಗಾಲು ಎರಡೂ ಚಪ್ಪಟೆ ಪಾದ. ಅಜ್ಜ ಲಾಳದಡಿ ಚರ್ಮ ಇಟ್ಟು ಕಟ್ಟಿದ್ದ. ಮಾಲೀಕ್ರಿಗೆ ಮುಖ ನೆನಪಿರುತ್ತೆ ಮೇಷ್ಟ್ರೇ, ನಮಗೆ ಪಾದ," ಎನ್ನುತ್ತಿದ್ದಳು.

ಅವರು ನಕ್ಕು ಬರೆದುಕೊಳ್ಳುತ್ತಿದ್ದರು. ಹೀಗೆ ನಾಲ್ಕೈದು ಭೇಟಿಯಾದ ಮೇಲೆ ಒಂದು ದಿನ ಅವಳೇ ಕೇಳಿದಳು. "ಅರವತ್ತೊಂದನೆಯದಕ್ಕೆ ಏನ್ ಬರ್ದಿದ್ದೀರಾ?"

ಮೇಷ್ಟ್ರು ಹಾಳೆ ಹುಡುಕಿ ಸಹಜವಾಗಿ ಓದಿದರು. "ಎಲ್ಲರ ನಿರೀಕ್ಷೆ ಹೊತ್ತಿದ್ದ ಬೂದು ಬಣ್ಣದ ಕುದುರೆ, ಲಾಳಗಾರನ ಅಜಾಗರೂಕತೆಯಿಂದ ಮೊಳೆ ಸಡಿಲವಾಗಿ, ಕೊನೆಯ ತಿರುವಿನಲ್ಲಿ ಲಾಳ ಕಳಚಿಕೊಂಡು ಮೂರನೆಯದಾಗಿ ಬಂತು."

ಲಾಳದಕ್ಕ ಕೈಯಲ್ಲಿದ್ದ ಕುದುರೆಯ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅರವನ್ನು ಮೂಲೆಗಿಟ್ಟಳು.

"ಆ ಲಾಳಗಾರ ನಮ್ಮಪ್ಪ."

ಮೇಷ್ಟ್ರ ಮುಖ ಬಿಳಿಚಿತು. "ಕ್ಲಬ್ಬಿನ ರಿಜಿಸ್ಟರಿನಲ್ಲಿ ಹೀಗೇ ಇದೆ ಕಣಮ್ಮ. ನಾನು ನನ್ನ ಕಡೆಯಿಂದ ಏನೂ…"

"ನಿಮ್ಮ ಮೇಲೆ ಸಿಟ್ಟಿಲ್ಲ. ಕೂತ್ಕೊಳ್ಳಿ, ಹೇಳ್ತೀನಿ."

ಆಗ ಅವಳಿಗೆ ಹದಿನಾಲ್ಕು. ಅಪ್ಪ ಬೂದನಿಗೆ ಲಾಳ ಕಟ್ಟಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಪಂದ್ಯದ ಲಾಳ ದಿನನಿತ್ಯದ ಕಬ್ಬಿಣದ್ದಲ್ಲ, ಅಲ್ಯೂಮಿನಿಯಮ್ಮಿನದು; ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರ. ಅಪ್ಪ ಒಂದೊಂದು ಮೊಳೆಯನ್ನೂ ಬಡಿದು, ಗೊರಸಿನ ಹೊರಗೆ ಬಂದ ತುದಿಯನ್ನು ಮಡಚಿ, ಬೆರಳಿನಿಂದ ಸವರಿ ನೋಡಿ, ಆಮೇಲೆ ಅವಳ ಬೆರಳನ್ನೂ ಹಿಡಿದು ಸವರಿಸಿದ್ದ. "ತುಟಿ ಮೇಲೆ ಸವರಿದ ಹಾಗೆ ನುಣ್ಣಗಿರಬೇಕು, ಗೊತ್ತಾಯ್ತಾ?" ಎಂದಿದ್ದ.

ಓಟದಲ್ಲಿ ಬೂದ ಕೊನೆಯ ತಿರುವಿನವರೆಗೂ ಮುಂದಿದ್ದ. ತಿರುವಿನಲ್ಲಿ ಹಿಂದಿನಿಂದ ಒಂದು ಕಂದು ಕುದುರೆ ಒಳಗೆ ನುಗ್ಗಿತು. ಬೂದ ಮುಗ್ಗರಿಸಿದ. ಕಂದು ಕುದುರೆ ಗೆದ್ದಿತು. ಅದರ ಮಾಲೀಕರೇ ಆಗ ಕ್ಲಬ್ಬಿನ ಅಧ್ಯಕ್ಷರು. ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಅಪ್ಪ ಬಾಗಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಒಳಗೆ ಕರೆಯಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ, ಸಂಜೆ ಅವನ ಪರವಾನಗಿ ರದ್ದಾಯಿತು. ಮಾರನೆಯ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ತಿರುವಿನ ಹುಲ್ಲನ್ನು ಅಂಗೈಯಲ್ಲಿ ಬಾಚಿ ಬಾಚಿ ಲಾಳ ಹುಡುಕಿ ತಂದರು. ಅದನ್ನು ತೋರಿಸಲು ಹೋದರೆ ಆಗಿನ ಕಾರ್ಯದರ್ಶಿ, "ಮುಗಿದ ಮಾತು, ಮನೆಗೆ ಹೋಗು," ಎಂದರು.

ಅಪ್ಪ ಮನೆಗೆ ಹೋಗಿ ಗಾಡಿಕುದುರೆಗಳಿಗೆ ಲಾಳ ಕಟ್ಟಿ ಬದುಕಿದ. ಎಂಟು ವರ್ಷ ಬದುಕಿದ. ರೇಸಿನ ಲಾಯದಲ್ಲಿ ಅವನಿಗೊಂದು ಹೆಸರು ಬಿದ್ದಿತ್ತು, 'ಸಡ್ಲಮೊಳೆ'. ಯಾರಾದರೂ ಗುಂಡಿ ಸರಿಯಾಗಿ ಹೊಲಿಯದಿದ್ದರೂ, ಬಾಗಿಲ ಚಿಲಕ ಕೂರದಿದ್ದರೂ, "ಸಡ್ಲಮೊಳೆ ಕೆಲಸ ಇದು," ಎಂದು ನಗುತ್ತಿದ್ದರು. ಅವನನ್ನು ನೋಡದವರೂ ನಗುತ್ತಿದ್ದರು.

ಲಾಳದಕ್ಕ ಮತ್ತೆ ಆ ಮೈದಾನದೊಳಗೆ ಕಾಲಿಟ್ಟದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಗೊರಸು ಸೀಳಿದ ಒಂದು ಮರಿಗುದುರೆಯನ್ನು ಯಾವ ಲಾಳಗಾರನೂ ಮುಟ್ಟಲೊಲ್ಲದೆ ಹೋದಾಗ ಒಬ್ಬ ಟ್ರೇನರ್ ಬೇರೆ ದಾರಿ ಕಾಣದೆ ಅವಳನ್ನು ಕರೆಸಿದ್ದ. "ಹೆಂಗಸಿನ ಕೈಗೆ ಕುದುರೆ ಕಾಲು ಕೊಡ್ತಾರೇನ್ರೀ?" ಎಂದು ಉಳಿದವರು ಗೋಡೆಗೊರಗಿ ನಗುತ್ತಿದ್ದರು. ಕುದುರೆ ಮೂರು ತಿಂಗಳಲ್ಲಿ ಓಡಿತು. ಗೋಡೆ ಖಾಲಿಯಾಯಿತು. ಈಗ ದೊಡ್ಡ ಓಟದಲ್ಲಿ ಓಡುವ ಅರ್ಧಕ್ಕರ್ಧ ಕುದುರೆಗಳ ಕಾಲು ಅವಳ ತೊಡೆಯ ಮೇಲಿಂದಲೇ ಇಳಿಯುತ್ತಿತ್ತು.

ಇಷ್ಟು ಹೇಳಿ ಅವಳು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಲಾಳವನ್ನು ತಂದು ಮೇಷ್ಟ್ರ ಮುಂದಿಟ್ಟಳು.

"ಈ ಸಾಲು ಬದಲಾಗ್ಬೇಕು."

"ರಿಜಿಸ್ಟರಿಗೆ ವಿರುದ್ಧವಾಗಿ ನಾನು ಬರೆದರೆ ಅಚ್ಚಿಗೆ ಹೋಗಲ್ಲಮ್ಮ. ಕಮಿಟಿ ಒಪ್ಪಬೇಕು."

"ಹಾಗಾದ್ರೆ ಕಮಿಟಿಯನ್ನೇ ಕೇಳೋಣ."

ಮನೆಯಲ್ಲಿ ಅವಳ ತಮ್ಮನಿಗೆ ಇದು ಇಷ್ಟವಾಗಲಿಲ್ಲ. ಅವನು ಬಸ್ ಓಡಿಸುವವನು. ಶಾಲೆಯಲ್ಲಿ 'ಸಡ್ಲಮೊಳೆ ಮಗ' ಎಂದು ಅನ್ನಿಸಿಕೊಂಡು ಕುಲುಮೆಯ ಕಡೆ ತಲೆ ಹಾಕಿಯೂ ಮಲಗದವನು.

"ಅಕ್ಕಾ, ಸತ್ತೋರ ಸುದ್ದಿ ಈಗ್ಯಾಕೆ? ಮೂವತ್ತೆಂಟು ವರ್ಷ ಆಯ್ತು. ಜನ ಮರ್ತಿದ್ದಾರೆ. ನೀನೇ ಹೋಗಿ ನೆನಪು ಮಾಡ್ಕೊಡ್ತೀಯಾ?"

"ಮರ್ತಿದ್ರೆ ಪುಸ್ತಕದಲ್ಲಿ ಯಾಕೋ ಬರೀತಾರೆ?"

ಮಂಚದ ಮೇಲೆ ಕೂತಿದ್ದ ಅಮ್ಮ ಮಗನ ಕಡೆ ತಿರುಗಿದಳು. ಎಂಬತ್ತಾರು ವರ್ಷದ ಮುದುಕಿ, ಹಲ್ಲು ಒಂದೂ ಇಲ್ಲ, ಮಾತಿನಲ್ಲಿ ಮಾತ್ರ ಎಲ್ಲ ಹಲ್ಲೂ ಇದ್ದವು. "ನಿಂಗೆ ನಾಚಿಕೆ ಆಗೋದಾದ್ರೆ ಬಸ್ಸಲ್ಲಿ ಕೂತ್ಕೋ, ಹಾರ್ನ್ ಹೊಡ್ಕೊಂಡು ಹೋಗು. ಅವಳು ಹೋಗ್ಲಿ."

ಕಮಿಟಿಗೆ ಹೋಗುವ ಮೊದಲು ಲಾಳದಕ್ಕ ಒಬ್ಬನನ್ನು ನೋಡಬೇಕಿತ್ತು. ಅಂದು ಕಂದು ಕುದುರೆ ಏರಿದ್ದ ಜಾಕಿ. ಆಗ ಹತ್ತೊಂಬತ್ತರ ಹುಡುಗ. ಈಗ ತೂಕದ ಕೋಣೆಯಲ್ಲಿ ಜಾಕಿಗಳನ್ನು ಜೀನಿನ ಸಮೇತ ತಕ್ಕಡಿಗೆ ಕೂರಿಸಿ ತೂಕ ಬರೆಯುವವನು. ಎಲ್ಲರೂ ಅವನನ್ನು ಕರೆಯುವುದು ಕಡ್ಡಿ ಎಂದೇ. ಅವನ ಮೇಜಿನ ಮೇಲೆ ಆ ಓಟದ ಫೋಟೋ ಇತ್ತು.

ಲಾಳದಕ್ಕ ಸುತ್ತುಬಳಸು ಮಾತಾಡಲಿಲ್ಲ. "ನಿನ್ನ ಕುದುರೆ ಕಾಲು ಬೂದನ ಹಿಂಗಾಲ ಮೇಲೆ ಬಿತ್ತಲ್ವಾ?"

ಕಡ್ಡಿ ತಕ್ಕಡಿಯ ಬಟ್ಟನ್ನು ಒರೆಸುತ್ತಲೇ ಇದ್ದ. ಅದನ್ನು ಜಾಗಕ್ಕಿಟ್ಟು, "ಬಿತ್ತು," ಎಂದ. "ಬೇಕಂತ ಮಾಡಿದ್ದಲ್ಲ ಅಕ್ಕಾ. ಸಂದು ಕಂಡಿತು, ನುಗ್ಗಿಸಿದೆ. ಸಂದು ಸಾಲಲಿಲ್ಲ."

"ಅದನ್ನೇ ಬಂದು ಹೇಳು."

"ನನ್ನ ಬದುಕಲ್ಲಿರೋದು ಅದೊಂದೇ ಗೆಲುವು. ಅದನ್ನೂ ಕಿತ್ಕೋತೀಯಾ?"

"ಗೆಲುವು ನೀನೇ ಇಟ್ಕೋ. ನಂಗ್ಯಾಕೆ ಅದು? ನಮ್ಮಪ್ಪನ ಮೊಳೆ ಸಡ್ಲ ಇರಲಿಲ್ಲ, ಅಷ್ಟು ಹೇಳು ಸಾಕು."

ಅವನು ತಲೆಯಾಡಿಸಿದ. ಆಗಲ್ಲ. ಅವಳು ಕಾಲಿಗೆ ಬೀಳಲಿಲ್ಲ, ಶಾಪವನ್ನೂ ಹಾಕಲಿಲ್ಲ. "ಸರಿ, ನಾನೊಬ್ಬಳೇ ಹೋಗ್ತೀನಿ," ಎಂದು ಎದ್ದಳು.

ಕಮಿಟಿಯ ಕೋಣೆ ಮೊದಲ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಹಸಿರು ಬಟ್ಟೆ, ಗೋಡೆಯ ತುಂಬ ಗೆದ್ದ ಕುದುರೆಗಳ ಹೆಸರು ಬರೆದ ಮರದ ಹಲಗೆಗಳು. ಅಧ್ಯಕ್ಷರು ಅಂದಿನ ಅಧ್ಯಕ್ಷರ ಮಗ. ಪಕ್ಕದಲ್ಲಿ ಕಾರ್ಯದರ್ಶಿ, ಆಚೆ ಕುದುರೆ ಡಾಕ್ಟರು, ಇನ್ನಿಬ್ಬರು ಮಾಲೀಕರು, ಕೊನೆಯಲ್ಲಿ ಮೇಷ್ಟ್ರು. ಲಾಳದಕ್ಕ ಕೆಲಸದ ಚರ್ಮದ ಏಪ್ರನ್ ಬಿಚ್ಚದೆಯೇ ಬಂದಿದ್ದಳು. ಹೆಗಲ ಮೇಲೆ ಒಂದು ಗೋಣಿಚೀಲ.

"ಐದು ನಿಮಿಷ," ಎಂದರು ಕಾರ್ಯದರ್ಶಿ.

ಅವಳು ಚೀಲವನ್ನು ಮೇಜಿನ ಮೇಲೆ ಸುರಿದಳು. ಹಸಿರು ಬಟ್ಟೆಯ ಮೇಲೆ ಐವತ್ತು ಅರವತ್ತು ಹಳೆಯ ಲಾಳಗಳು ಗಡಗಡ ಉರುಳಿದವು. ಒಂದು ಅಧ್ಯಕ್ಷರ ಲೋಟಕ್ಕೆ ತಾಗಿ ನೀರು ಚೆಲ್ಲಿತು.

"ಏನಿದು?" ಎಂದು ಕಾರ್ಯದರ್ಶಿ ಎದ್ದರು.

"ಇಪ್ಪತ್ತೈದು ವರ್ಷದಲ್ಲಿ ಈ ಮೈದಾನದಲ್ಲಿ ಬಿದ್ದ ಲಾಳಗಳು ಸಾರ್. ಲಾಳಗಾರರು ಬಿದ್ದ ಲಾಳ ಎಸೆಯಲ್ಲ, ಯಾಕೆ ಬಿತ್ತು ಅಂತ ನೋಡಿ ಕಲೀತಾರೆ. ಇದರಲ್ಲಿ ನಾನು ಕಟ್ಟಿದ್ದೂ ಇದೆ, ನನ್ನ ತಪ್ಪಿಂದ ಬಿದ್ದದ್ದೂ ಇದೆ. ಇಲ್ನೋಡಿ, ಇದು." ಒಂದನ್ನು ಎತ್ತಿ ಹಿಡಿದಳು. "ಮೊಳೆ ಸಡ್ಲ ಆಗಿ ಬಿದ್ರೆ ಮೊಳೆ ನುಣ್ಣಗೆ ಜಾರಿ ಬರುತ್ತೆ. ನೇರವಾಗಿರುತ್ತೆ, ಗೊರಸಿನ ಚೂರು ಅಂಟಿರಲ್ಲ. ಇದು ನನ್ನ ತಪ್ಪು. ಈಗ ಇದನ್ನ ನೋಡಿ. ಮೊಳೆ ಸೊಟ್ಟ, ಸುತ್ತ ಗೊರಸಿನ ಚಕ್ಕೆ ಕಚ್ಕೊಂಡಿದೆ. ಇದು ಕಿತ್ತು ಬಂದದ್ದು. ಗಟ್ಟಿಯಾಗಿ ಕೂತದ್ದು ಮಾತ್ರ ಹೀಗೆ ಚಕ್ಕೆ ಸಮೇತ ಬರುತ್ತೆ, ಹಲ್ಲು ಕಿತ್ತ ಹಾಗೆ. ಡಾಕ್ಟ್ರೇ, ನೀವೇ ಬೇರೆ ಬೇರೆ ಮಾಡಿ."

ಡಾಕ್ಟರು ಮೊದಲು ಅಧ್ಯಕ್ಷರ ಮುಖ ನೋಡಿದರು. ಆಮೇಲೆ ಕುತೂಹಲ ತಡೆಯಲಾರದೆ ಒಂದನ್ನು ಎತ್ತಿದರು, ಇನ್ನೊಂದನ್ನು ಎತ್ತಿದರು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮಾಲೀಕರೂ ಕೈ ಹಾಕಿದರು. ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ. ಯಾರಿಗೂ ತಪ್ಪಾಗಲಿಲ್ಲ.

ಆಗ ಲಾಳದಕ್ಕ ಬಟ್ಟೆ ಬಿಚ್ಚಿ ಅಪ್ಪನ ಲಾಳವನ್ನು ಮೇಜಿನ ನಡುವೆ ಇಟ್ಟಳು. ಐದು ಮೊಳೆ ಇನ್ನೂ ಅದರಲ್ಲೇ ಇದ್ದವು, ಐದೂ ಸೊಟ್ಟ. ಒಣಗಿ ಕಲ್ಲಾದ ಗೊರಸಿನ ಚೂರುಗಳು ಅವಕ್ಕೆ ಕಚ್ಚಿಕೊಂಡಿದ್ದವು. ಒಂದು ತುದಿ ಕೆಳಕ್ಕೆ ಬಾಗಿತ್ತು. ಅದರ ಮೇಲೆ ಅರ್ಧಚಂದ್ರದ ಹಾಗೆ ಇನ್ನೊಂದು ಲಾಳದ ಗುರುತು ಒತ್ತಿತ್ತು.

"ಇದು ಯಾವ ರಾಶಿಗೆ ಡಾಕ್ಟ್ರೇ?"

ಡಾಕ್ಟರು ಲಾಳವನ್ನು ಎತ್ತಿ ತಿರುಗಿಸಿ ನೋಡಿದರು. "ಬಲಗಡೆಗೆ. ಕಿತ್ತು ಬಂದದ್ದು."

"ಅದರ ಕಾಲನ್ನ ಅದೇ ತುಳ್ಕೊಂಡಿರಬಹುದು," ಎಂದರು ಅಧ್ಯಕ್ಷರು. "ಕುದುರೆಗಳು ತುಳ್ಕೊಳ್ಳಲ್ವಾ?"

"ತುಳ್ಕೊಳ್ತವೆ ಸಾರ್, ಹಿಂಗಾಲಿಂದ ಮುಂಗಾಲನ್ನ. ಇದು ಹಿಂಗಾಲಿನ ಲಾಳ. ಮುಂಗಾಲಿಂದು ದುಂಡಗಿರುತ್ತೆ, ಇದು ಮೂತಿ ಚೂಪು. ತನ್ನ ಹಿಂಗಾಲಿನ ಹಿಮ್ಮಡಿಯನ್ನ ತಾನೇ ತುಳಿಯೋ ಕುದುರೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೆ ಹೇಳಿ, ಬಿಟ್ಟಿಯಾಗಿ ಲಾಳ ಕಟ್ತೀನಿ."

ಮಾಲೀಕರೊಬ್ಬರು ಕೆಮ್ಮಿನಲ್ಲಿ ನಗು ನುಂಗಿದರು. ಅಧ್ಯಕ್ಷರು ನಗಲಿಲ್ಲ. ಒಂದು ಪಂದ್ಯದ ಫಲಿತಾಂಶವನ್ನು ಇಷ್ಟು ವರ್ಷದ ಮೇಲೆ ಪ್ರಶ್ನಿಸುವುದು ಶಕ್ಯವಿಲ್ಲ ಎಂದರು. ಅವಳು, ಫಲಿತಾಂಶ ಯಾರು ಕೇಳಿದರು ಎಂದಳು. ಕೊನೆಗೆ ಕಾರ್ಯದರ್ಶಿ ಒಂದು ದಾರಿ ತೆಗೆದರು.

"ನೋಡಮ್ಮ, ಆ ಸಾಲನ್ನೇ ತೆಗೆದುಬಿಡೋಣ. ಬೂದುಗುದುರೆ ಮೂರನೆಯದಾಗಿ ಬಂತು, ಅಷ್ಟೇ. ಲಾಳದ ಸುದ್ದಿಯೇ ಬೇಡ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ."

"ಬೇಡ ಸಾರ್."

"ಇನ್ನೇನು ಬೇಕು?"

"ಬೈದದ್ದು ನೂರು ಜನರ ಮುಂದೆ. ಈಗ ಬಾಯಿ ಮುಚ್ಕೊಂಡು ಸುಮ್ನಿರ್ತೀವಿ ಅಂದ್ರೆ ಅದು ನ್ಯಾಯ ಆಗಲ್ಲ. ಲಾಳ ಬಿತ್ತು ಅಂತ ಬರೀರಿ. ಯಾಕೆ ಬಿತ್ತು ಅಂತಾನೂ ಬರೀರಿ."

"ಆಗದು," ಎಂದರು ಅಧ್ಯಕ್ಷರು.

ಲಾಳದಕ್ಕ ಲಾಳಗಳನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿದಳು. ಅಪ್ಪನದನ್ನು ಮಾತ್ರ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದಳು.

ಮಾರನೆಯ ಬೆಳಿಗ್ಗೆ ಕುಲುಮೆಯ ಬಾಗಿಲಿಗೆ ಒಂದು ಹಲಗೆ ಬಿತ್ತು. ನಡುವೆ ತಂತಿಯಿಂದ ಕಟ್ಟಿದ ಲಾಳ. ಕೆಳಗೆ ಅವಳದೇ ದಪ್ಪ ಅಕ್ಷರ: 'ಅರವತ್ತೊಂದನೆಯ ದೊಡ್ಡ ಓಟದಲ್ಲಿ ಬಿದ್ದ ಲಾಳ. ಮೊಳೆ ಸಡಿಲವಿರಲಿಲ್ಲ. ಅನುಮಾನ ಇದ್ದವರು ಮುಟ್ಟಿ ನೋಡಿ.'

ವ್ಯಾಯಾಮಕ್ಕೆ ಹೋಗುವ ಕುದುರೆಗಳೆಲ್ಲ ಆ ಬಾಗಿಲ ಮುಂದೆಯೇ ಹೋಗಬೇಕು. ಮೊದಲ ದಿನ ಲಾಯದ ಆಳುಗಳು ಬಂದರು, ಎರಡನೆಯ ದಿನ ಟ್ರೇನರುಗಳು. ವಾರಾಂತ್ಯಕ್ಕೆ ಪಂದ್ಯ ನೋಡಲು ಬಂದ ಜನ ಟಿಕೆಟ್ ಕೊಳ್ಳುವ ಮೊದಲು ಇಲ್ಲಿ ಸಾಲು ನಿಂತರು. ಬಂದವರಿಗೆಲ್ಲ ಲಾಳದಕ್ಕ ಎರಡು ಹಳೆಯ ಲಾಳ ಕೊಟ್ಟು, "ಮೊದ್ಲು ಇವೆರಡು ನೋಡಿ, ಆಮೇಲೆ ಅದನ್ನ ನೋಡಿ," ಎನ್ನುತ್ತಿದ್ದಳು. ಕೆಲಸ ನಿಲ್ಲಿಸುತ್ತಿರಲಿಲ್ಲ. ಕುದುರೆಯ ಕಾಲು ತೊಡೆಯ ಮೇಲೆ, ಬಾಯಲ್ಲಿ ನಾಲ್ಕು ಮೊಳೆ, ಮಾತು ಮೊಳೆಗಳ ಸಂದಿಯಿಂದ.

ಹತ್ತು ದಿನಕ್ಕೆ ಕಾರ್ಯದರ್ಶಿಯ ಕಾಗದ ಬಂತು. ಕುಲುಮೆ ಇರುವುದು ಕ್ಲಬ್ಬಿನ ಜಾಗ. ಮೂರು ದಿನದಲ್ಲಿ ಹಲಗೆ ತೆಗೆಯದಿದ್ದರೆ ಪರವಾನಗಿ ರದ್ದು. ಲಾಳದಕ್ಕ ಆ ಕಾಗದವನ್ನೂ ಹಲಗೆಯ ಕೆಳಗೆ ಮೊಳೆ ಹೊಡೆದು ಸಿಕ್ಕಿಸಿದಳು.

ತಮ್ಮ ಓಡಿ ಬಂದ. "ನಿಂಗೇನಾದ್ರೂ ತಲೆ ಕೆಟ್ಟಿದೆಯಾ? ಅಪ್ಪನಿಗಾದದ್ದೇ ನಿನಗೂ ಆಗುತ್ತೆ."

"ಅಪ್ಪ ಬಾಗಿಲ ಹೊರಗೆ ಟೋಪಿ ಹಿಡ್ಕೊಂಡು ನಿಂತಿದ್ದ ಕಣೋ. ಅವನಿಗೆ ಮಾತಾಡೋಕೆ ಬಿಡಲಿಲ್ಲ. ನಾನು ಮಾತಾಡಿದ್ದೀನಿ. ಗಾಡಿಕುದುರೆ ಕಾಲೂ ಕಾಲೇ. ಕಳಿಸ್ಲಿ, ಹೋಗ್ತೀನಿ."

ಮೂರನೆಯ ದಿನ ಬೆಳಿಗ್ಗೆ ಕುಲುಮೆಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ಕಾರ್ಯದರ್ಶಿ ಇಬ್ಬರು ಕಾವಲುಗಾರರೊಂದಿಗೆ ಬಂದು, "ತೆಗೀರಿ ಅದನ್ನ," ಎಂದರು. ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಳದಕ್ಕ ಸುತ್ತಿಗೆಯನ್ನು ಅಡಿಗಲ್ಲಿನ ಮೇಲಿಟ್ಟು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿ ಏನೂ ಇರಲಿಲ್ಲ.

ಜನರ ಹಿಂದಿನಿಂದ ಯಾರೋ, "ಸ್ವಲ್ಪ ದಾರಿ ಬಿಡಿ," ಎಂದರು. ಕಡ್ಡಿ. ತೂಕದ ಕೋಣೆಯ ನೀಲಿ ಕೋಟಿನಲ್ಲೇ ಬಂದಿದ್ದ. ಹಲಗೆಯ ಹತ್ತಿರ ಬಂದು ಲಾಳದ ಮೇಲಿನ ಅರ್ಧಚಂದ್ರದ ಗುರುತಿನ ಮೇಲೆ ಹೆಬ್ಬೆರಳಿಟ್ಟ.

"ಇದು ನನ್ನ ಕುದುರೆ ಕಾಲಿನ ಗುರುತು," ಎಂದ. ದನಿ ಚಿಕ್ಕದು, ಆದರೆ ಎಲ್ಲರಿಗೂ ಕೇಳಿಸಿತು. "ನಾನು ಮೇಲಿದ್ದೆ. ನಂಗೆ ಗೊತ್ತು. ಇವರಪ್ಪನ ತಪ್ಪಲ್ಲ. ಬರ್ಕೊಳ್ಳಿ ಕಾರ್ಯದರ್ಶಿಗಳೇ, ಸಹಿ ಹಾಕ್ತೀನಿ."

ಕಾರ್ಯದರ್ಶಿ ಬರೆದುಕೊಳ್ಳಲಿಲ್ಲ. ಆದರೆ ಮೇಷ್ಟ್ರು ಗುಂಪಿನಲ್ಲೇ ಇದ್ದರು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಅಲ್ಲೇ ಒಂದು ಉಲ್ಟಾ ಬಕೆಟ್ಟಿನ ಮೇಲೆ ಕೂತು, ಕಡ್ಡಿ ಹೇಳಿದ್ದನ್ನು ಹೇಳಿದ ಹಾಗೆ ಬರೆದು ಸಹಿ ಹಾಕಿಸಿಕೊಂಡರು. ಕೆಳಗೆ ಆರು ಟ್ರೇನರುಗಳು ಸಾಕ್ಷಿ ಹಾಕಿದರು. ಅವರಲ್ಲಿ ಒಬ್ಬ ಕಾರ್ಯದರ್ಶಿಗೆ ನೇರವಾಗಿಯೇ ಹೇಳಿದ: "ಈಯಮ್ಮನ ಪರವಾನಗಿ ಹೋದ್ರೆ ನೂರನೇ ಓಟಕ್ಕೆ ನಮ್ಮ ಕುದುರೆ ಬರಿಗಾಲಲ್ಲಿ ಓಡ್ಬೇಕಾಗುತ್ತೆ. ಜನಕ್ಕೆ ಅದನ್ನ ನೀವೇ ವಿವರಿಸಿ." ಕಾವಲುಗಾರರು ಆಗಲೇ ಗೇಟಿನ ಕಡೆ ಹೊರಟಿದ್ದರು.

ಪುಸ್ತಕ ಬಂತು. ಅರವತ್ತೊಂದನೆಯ ಓಟದ ಪುಟದಲ್ಲಿ ಎರಡು ಸಾಲು ಇದ್ದವು. ರಿಜಿಸ್ಟರಿನ ಮಾತು ಹಾಗೇ ಇತ್ತು; ಅಧ್ಯಕ್ಷರು ಅದನ್ನು ಬಿಡಲಿಲ್ಲ. ಅದರ ಕೆಳಗೆ, ಅಷ್ಟೇ ದಪ್ಪದ ಅಕ್ಷರದಲ್ಲಿ: 'ಇದು ಸುಳ್ಳೆಂದು ಗೆದ್ದ ಕುದುರೆಯ ಜಾಕಿಯೇ ಬರೆದುಕೊಟ್ಟಿದ್ದಾರೆ. ಲಾಳ ಬಿದ್ದದ್ದು ಹಿಂದಿನ ಕುದುರೆ ತುಳಿದದ್ದರಿಂದ. ಲಾಳಗಾರನ ಕೆಲಸದಲ್ಲಿ ದೋಷವಿರಲಿಲ್ಲ.' ಈ ಸಾಲು ತೆಗೆದರೆ ತಮ್ಮ ಹೆಸರನ್ನೂ ಪುಸ್ತಕದಿಂದ ತೆಗೆಯಿರಿ ಎಂದು ಮೇಷ್ಟ್ರು ಪಟ್ಟು ಹಿಡಿದಿದ್ದರಂತೆ. ಇದನ್ನು ಅವರು ಹೇಳಲಿಲ್ಲ, ಅಚ್ಚಿನ ಮನೆಯವನು ಹೇಳಿದ.

ತಮ್ಮ ಆ ಪುಟವನ್ನು ಅಮ್ಮನಿಗೆ ಓದಿ ಹೇಳಿದ. ಅಮ್ಮ, "ಇನ್ನೊಂದ್ಸಲ," ಎಂದಳು. ಓದಿದ. "ಇನ್ನೊಂದ್ಸಲ." ಮೂರನೆಯ ಸಲಕ್ಕೆ ಅವನು ಪುಸ್ತಕವನ್ನು ಅಕ್ಕನ ಕೈಗಿಟ್ಟು ಎದ್ದು ಹೋದ. ಕಿಟಕಿಯಿಂದ ನೋಡಿದರೆ ರಸ್ತೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ನೂರನೆಯ ಓಟಕ್ಕೆ ಹದಿನಾಲ್ಕು ಕುದುರೆ ಓಡಿದವು. ಒಂಬತ್ತಕ್ಕೆ ಲಾಳ ಕಟ್ಟಿದ್ದು ಅವಳು. ಗೆದ್ದದ್ದು ಅವಳು ಕಟ್ಟಿದ್ದಲ್ಲ. ಅದಕ್ಕೆ ಅವಳಿಗೆ ಬೇಸರವೂ ಆಗಲಿಲ್ಲ. ಗೆದ್ದ ಕುದುರೆಯ ಕಾಲು ಹತ್ತಿರದಿಂದ ನೋಡಿ, "ಒಳ್ಳೆ ಕೆಲಸ," ಎಂದು ಅದರ ಲಾಳಗಾರನ ಬೆನ್ನು ತಟ್ಟಿದಳು.

ಅಧ್ಯಕ್ಷರು ಸೋಲನ್ನು ಮರೆಯುವವರಲ್ಲ. ಮುಂದಿನ ವರ್ಷ, ಕುಲುಮೆಯಿದ್ದ ಹಿಂಬಾಗಿಲಿನ ಜಾಗ ವಾಹನ ನಿಲ್ಲಿಸಲು ಬೇಕೆಂದು ಅದನ್ನು ಮೈದಾನದ ಆ ತುದಿಗೆ, ಲದ್ದಿ ರಾಶಿ ಹಾಕುವ ಅಂಗಳದ ಹಿಂದಕ್ಕೆ ಕಳಿಸಿದರು. ಪರವಾನಗಿ ಪ್ರತಿ ವರ್ಷ ಎರಡು ತಿಂಗಳು ತಡವಾಗಿ ಬರುತ್ತದೆ. ಪ್ರತಿ ವರ್ಷ ಅವಳು ಮೆಟ್ಟಿಲು ಹತ್ತಿ ಹೋಗಿ, ಕೋಣೆಯೊಳಗೆ ನಿಂತು, ಕೇಳಿ ತರುತ್ತಾಳೆ. ಅಷ್ಟು ದೂರ ನಾತದಲ್ಲಿ ಯಾರು ಬರುತ್ತಾರೆ ಎಂದು ಯಾರೋ ಕನಿಕರದಿಂದ ಕೇಳಿದಾಗ ಅವಳು ತಿದಿ ಒತ್ತುವುದನ್ನು ನಿಲ್ಲಿಸದೆ, "ಕಾಲು ನೋಯೋ ಕುದುರೆಗೆ ಮೂಗು ಅಡ್ಡ ಬರಲ್ಲ," ಎಂದಳು. ಅಂಗಳದಾಚೆ ನಾಲ್ಕು ಕುದುರೆಗಳು ಸರದಿಯಲ್ಲಿ ನಿಂತಿದ್ದವು.